ಎದುರಾಳಿಯಿಲ್ಲದ ಕೇಸಿನಲ್ಲಿ ಅಫಿಡವಿಟ್ಟೇ ಸಾಕ್ಷಿ

ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾಗುವ ತೀರ್ಮಾನಕ್ಕೆ ಬಂದರೆಂದರೆ ನಮ್ಮ ಭಾಗದಲ್ಲಿ ಮೊದಲು ಆಗುವ ಕೆಲಸ ಬಾಂಡ್ ತರುವುದು. ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಮುಕ್ಕುಂದದಲ್ಲಾಗಲಿ, ಮಸ್ಕಿ ಸೀಮೆಯ ಹಳ್ಳಿಯಲ್ಲಾಗಲಿ, ಹೊಳೆಯಾಚೆಯ ಸಿರುಗುಪ್ಪ ತಾಲ್ಲೂಕಿನಲ್ಲಾಗಲಿ ಪದ್ಧತಿ ಹೆಚ್ಚುಕಡಿಮೆ ಒಂದೇ. ಎರಡೂ ಕಡೆಯ ಹಿರಿಯರು ಕೂಡುತ್ತಾರೆ. ಮದುವೆಯಲ್ಲಿ ಹಾಕಿದ ಬಂಗಾರ ಎಷ್ಟು ತೊಲೆ, ಕೊಟ್ಟ ಭಾಂಡೆ ಸಾಮಾನು ಯಾವುವು, ಹುಡುಗಿಗೆ ಎಷ್ಟು ಕೊಟ್ಟು ಕಳಿಸಬೇಕು ಎಂಬ ಲೆಕ್ಕ ಮುಗಿಯುತ್ತದೆ. ಮರುದಿನ ಸಿಂಧನೂರಿಗೆ ಹೋಗಿ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸುತ್ತಾರೆ. ಇಬ್ಬರ ಸಹಿ, ಪಂಚರ ಸಹಿ, ನೋಟರಿ ಸೀಲು ಬಿದ್ದರೆ ಸೋಡಚೀಟಿ ಆಯಿತು, ಸಂಬಂಧ ಹರಿಯಿತು ಎಂದು ಎಲ್ಲರೂ ಊರಿಗೆ ಮರಳುತ್ತಾರೆ.

ಕಾನೂನಿನ ಕಣ್ಣಿಗೆ ಆ ಸಂಬಂಧ ಹರಿದಿರುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ ನಿಜ. ಆದರೆ ತಮ್ಮ ಜಾತಿಯಲ್ಲಿ ಅಂಥ ರೂಢಿ ತಲೆತಲಾಂತರದಿಂದ ಇದೆ ಎಂದು ಹೇಳಿಕೊಂಡವರು ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ನಮ್ಮ ರಾಜ್ಯದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನೇ ಹೇಳಿತು: ವಿಚ್ಛೇದನ ಪತ್ರ ಬರೆದುಕೊಂಡಿದ್ದೇವೆ ಎಂದರೆ ಸಾಲದು, ರೂಢಿ ಇದೆ ಎಂದು ವಾದಿಸಿ ಪುರಾವೆ ಕೊಡಬೇಕು. ಮದುವೆ, ವಿಚ್ಛೇದನಗಳ ಅಫಿಡವಿಟ್ ಮಾಡಿಕೊಡುವ ಅಧಿಕಾರ ನೋಟರಿಗಳಿಗೆ ಇಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯವೂ 2024ರ ಅಕ್ಟೋಬರ್‌ನಲ್ಲಿ ಜ್ಞಾಪನ ಹೊರಡಿಸಿ ತಿಳಿಸಿದೆ. ಬಾಂಡ್ ನಂಬಿ ಇಬ್ಬರಲ್ಲಿ ಒಬ್ಬರು ಉಡಿಕಿ (ಮರುಮದುವೆ) ಮಾಡಿಕೊಂಡರೆ ಅದು ಎರಡನೇ ಮದುವೆಯ ಅಪರಾಧವಾಗಬಹುದು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಹೊಸ ಹೆಂಡತಿಗೂ ಗಂಡನ ಆಸ್ತಿ, ಪಿಂಚಣಿಯ ಮೇಲೆ ಹಕ್ಕು ಸಾಧಿಸುವುದು ಕಷ್ಟವಾಗುತ್ತದೆ.

ಹಾಗಾದರೆ ಕೋರ್ಟಿಗೆ ಹೋಗಬೇಕು. ಒಪ್ಪಿಗೆಯ ವಿಚ್ಛೇದನಕ್ಕೆ ದಾರಿ ಇದೆ, ಅದು ಅಷ್ಟೇನೂ ಕಠಿಣವಲ್ಲ. ಕಷ್ಟ ಇರುವುದು ಇನ್ನೊಂದು ತಪ್ಪು ತಿಳಿವಳಿಕೆಯಲ್ಲಿ: ‘ಇಬ್ಬರೂ ಒಪ್ಪಿದ ಮೇಲೆ ಕಾಗದ ಬರೀ ನೆಪಕ್ಕೆ, ವಕೀಲರು ಬರೆದದ್ದಕ್ಕೆ ಸಹಿ ಹಾಕಿದರೆ ಆಯಿತು’ ಎಂಬುದು. ವಾಸ್ತವ ಇದಕ್ಕೆ ತಿರುಗಾಮುರುಗಾ. ಜಗಳದ ಕೇಸಿನಲ್ಲಿ ಒಬ್ಬರು ಸುಳ್ಳು ಹೇಳಿದರೆ ಎದುರಿನ ವಕೀಲರು ಪಾಟೀಸವಾಲಿನಲ್ಲಿ ಹಿಡಿಯುತ್ತಾರೆ. ಒಪ್ಪಿಗೆಯ ಕೇಸಿನಲ್ಲಿ ಹಿಡಿಯುವವರು ಯಾರೂ ಇಲ್ಲ. ನ್ಯಾಯಾಧೀಶರ ಮುಂದೆ ಇರುವುದು ನೀವಿಬ್ಬರೂ ಪ್ರಮಾಣ ಮಾಡಿ ಕೊಟ್ಟ ಕಾಗದ ಮತ್ತು ಅದನ್ನು ನೋಡಿ ಅವರು ಕೇಳುವ ನಾಲ್ಕು ಪ್ರಶ್ನೆ ಮಾತ್ರ. ಹಾಗಾಗಿ ಎದುರಾಳಿ ಇಲ್ಲದ ಕಡೆಯೇ ಅಫಿಡವಿಟ್‌ನ ಹೊಣೆ ಹೆಚ್ಚು.

ಯಾವ ಕಾನೂನು, ಯಾವ ಕೋರ್ಟು

ಹಿಂದೂ ವಿವಾಹ ಕಾಯ್ದೆಗೆ 1976ರ ತಿದ್ದುಪಡಿಯಲ್ಲಿ ಸೇರಿದ 13ಬಿ ಕಲಂ ಒಪ್ಪಿಗೆಯ ವಿಚ್ಛೇದನದ ಮೂಲ. ಅದು ಕೇಳುವುದು ಮೂರು ಸಂಗತಿ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆ ಬೇರೆ ಇದ್ದಿರಬೇಕು, ಕೂಡಿ ಬಾಳಲು ಆಗಿಲ್ಲದಿರಬೇಕು, ಮದುವೆ ಮುಗಿಸಲು ಇಬ್ಬರೂ ಒಪ್ಪಿರಬೇಕು. ಅರ್ಜಿ ಜಂಟಿಯಾದದ್ದು. ಇದರಲ್ಲಿ ವಾದಿ–ಪ್ರತಿವಾದಿ ಇಲ್ಲ, ಇಬ್ಬರೂ ಅರ್ಜಿದಾರರೇ.

ಸಿಂಧನೂರು, ಲಿಂಗಸುಗೂರಿನ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳಲ್ಲಿ ಇಂಥ ಅರ್ಜಿಗಳು ಎಂ.ಸಿ. (ವೈವಾಹಿಕ ಪ್ರಕರಣ) ನಂಬರ್ ಪಡೆದು ನಡೆಯುತ್ತವೆ. ಮದುವೆ ನಡೆದ ಸ್ಥಳ, ಇಬ್ಬರೂ ಕೊನೆಗೆ ಕೂಡಿ ಬಾಳಿದ ಸ್ಥಳ, ಅರ್ಜಿ ಹಾಕುವಾಗ ಹೆಂಡತಿ ವಾಸವಿರುವ ಸ್ಥಳ, ಇವುಗಳಲ್ಲಿ ಯಾವುದಾದರೂ ಆ ಕೋರ್ಟಿನ ವ್ಯಾಪ್ತಿಯಲ್ಲಿ ಬಂದರೆ ಸಾಕು. ಗಂಗಾವತಿಯಲ್ಲಿ ಮದುವೆಯಾಗಿ, ಮುಕ್ಕುಂದದಲ್ಲಿ ಸಂಸಾರ ಮಾಡಿ, ಈಗ ಮಸ್ಕಿ ಹತ್ತಿರದ ತವರಿನಲ್ಲಿರುವ ಹೆಣ್ಣುಮಗಳಿಗೆ ಆಯ್ಕೆ ಇದೆ ಎಂದಾಯಿತು. ಆದರೆ ಆಯ್ಕೆ ಮಾಡಿದ ಕಾರಣ ಅಫಿಡವಿಟ್‌ನಲ್ಲಿ ಕಾಣಬೇಕು. ಆಧಾರ್ ಕಾರ್ಡಿನಲ್ಲಿ ಇನ್ನೂ ಗಂಡನ ಊರಿನ ವಿಳಾಸವೇ ಇದ್ದರೆ, ‘ಈಗ ತವರಿನಲ್ಲಿ ವಾಸ’ ಎಂದು ಬರೆಯುವುದರ ಜತೆಗೆ ಅದಕ್ಕೊಂದು ದಾಖಲೆ ಜೋಡಿಸಿಡುವುದು ಲೇಸು.

ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ಸೂಕ್ಷ್ಮ ಇಲ್ಲಿದೆ. ಕಾಯ್ದೆಯ 2(2)ನೇ ಕಲಂ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಹಿಂದೂ ವಿವಾಹ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ. ರಾಯಚೂರು ಜಿಲ್ಲೆಯಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ವಾಲ್ಮೀಕಿ ನಾಯಕ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಹಿಂದೂ ಸಂಪ್ರದಾಯದಂತೆಯೇ ಮದುವೆಯಾಗಿ, ಅದೇ ಪದ್ಧತಿಯಲ್ಲಿ ಬಾಳುತ್ತಿರುವ ಪಂಗಡದವರ ಅರ್ಜಿಗಳನ್ನು ಕೆಲವು ನ್ಯಾಯಾಲಯಗಳು ಪರಿಗಣಿಸಿದ್ದುಂಟು. ಆದ್ದರಿಂದ ಜಾತಿ ಕಾಲಂ ಖಾಲಿ ಬಿಟ್ಟು ತೇಲಿಸುವ ಬದಲು ವಕೀಲರ ಮುಂದೆ ಮೊದಲು ಇಡಬೇಕಾದ ಪ್ರಶ್ನೆ ಇದೇ. ಲಂಬಾಣಿ ತಾಂಡಾಗಳವರಿಗೆ ಈ ತೊಡಕಿಲ್ಲ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿಯಲ್ಲಿದ್ದಾರೆ. ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆಯ 10ಎ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಆ ಕಾಯ್ದೆಯ 28ನೇ ಕಲಂ ಇದೆ. ಮುಸ್ಲಿಮರಲ್ಲಿ ಪರಸ್ಪರ ಒಪ್ಪಿ ಬೇರೆಯಾಗುವ ಮುಬಾರತ್ ಪದ್ಧತಿ ಬೇರೆಯೇ ಇದೆ.

ಒಂದು ವರ್ಷ ಎಂದರೆ ಯಾವ ವರ್ಷ

ಅರ್ಜಿಯಲ್ಲಿ ಹೆಚ್ಚು ಎಡವುವ ಜಾಗ ಪ್ರತ್ಯೇಕ ವಾಸದ ಕಂಡಿಕೆ. ಗಂಡ ಬೆಂಗಳೂರಿಗೆ ದುಡಿಯಲು ಹೋಗಿ ಎರಡು ವರ್ಷವಾಗಿದೆ, ಹೆಂಡತಿ ಊರಲ್ಲೇ ಅತ್ತೆಯ ಜತೆ ಇದ್ದಾಳೆ, ಹಬ್ಬಕ್ಕೆ ಬಂದು ಹೋಗುತ್ತಾನೆ, ಫೋನಿನಲ್ಲಿ ಸಂಸಾರ ನಡೆದಿದೆ. ಇದು ಕಾಯ್ದೆ ಕೇಳುವ ಪ್ರತ್ಯೇಕ ವಾಸವಲ್ಲ. ದುಡಿಮೆಗೆ ದೂರ ಹೋಗುವುದು ಬೇರೆ, ದಾಂಪತ್ಯ ಬಿಡುವುದು ಬೇರೆ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಇದೆ. ಒಂದೇ ಮನೆಯಲ್ಲಿದ್ದರೂ ಗಂಡ ಹೆಂಡತಿಯಾಗಿ ಬಾಳದೆ ಇದ್ದರೆ ಅದು ಪ್ರತ್ಯೇಕ ವಾಸವಾಗಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಬೇರೆ ಮನೆ ಮಾಡಲು ಗತಿಯಿಲ್ಲದೆ ಮಾವನ ಮನೆಯ ಪಡಸಾಲೆಯಲ್ಲೇ ದಿನ ದೂಡಿದ ಹೆಣ್ಣುಮಗಳು ‘ತವರಿಗೆ ಹೋಗಿದ್ದೆ’ ಎಂದು ಸುಳ್ಳು ಬರೆಸುವ ಅಗತ್ಯವಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೂ ಕಾನೂನು ಕೇಳಿಸಿಕೊಳ್ಳುತ್ತದೆ.

ಟೈಪಿಸ್ಟರ ಬಳಿ ಸಿದ್ಧವಾಗಿರುವ ನಮೂನೆಗಳಲ್ಲಿ ಈ ಕಂಡಿಕೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಮದುವೆಯಾದ ಕೆಲವು ದಿನಗಳ ನಂತರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಉಂಟಾಗಿ ಬಹಳ ದಿನಗಳಿಂದ ಬೇರೆ ಬೇರೆಯಾಗಿ ವಾಸವಾಗಿದ್ದೇವೆ.’ ಇದರಲ್ಲಿ ಸುಳ್ಳಿಲ್ಲ, ಆದರೆ ನ್ಯಾಯಾಧೀಶರಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಇದೇ ಸಂಗತಿಯನ್ನು ಹೀಗೆ ಬರೆಯಬಹುದು: ‘ಮದುವೆಯಾದ ಮೇಲೆ ನಾನು ಮುಕ್ಕುಂದದ ಗಂಡನ ಮನೆಯಲ್ಲಿದ್ದೆ. 2023ರ ಮಾರ್ಚ್ 22ರ ಯುಗಾದಿ ಹಬ್ಬಕ್ಕೆ ತವರಿಗೆ ಬಂದವಳು ತಿರುಗಿ ಹೋಗಿಲ್ಲ. ಅಂದಿನಿಂದ ನಾವಿಬ್ಬರೂ ಗಂಡ ಹೆಂಡತಿಯಾಗಿ ಬಾಳಿಲ್ಲ. ಅದೇ ವರ್ಷ ದೀಪಾವಳಿ ಮುಗಿದ ಮೇಲೆ ಎರಡೂ ಮನೆಯ ಹಿರಿಯರು ಕೂಡಿ ಸರಿಮಾಡಲು ನೋಡಿದರು, ಆಗಲಿಲ್ಲ.’

ನಮ್ಮ ಜನಕ್ಕೆ ತಾರೀಖು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ಅದು ಕೊರತೆಯಲ್ಲ. ಹಬ್ಬ, ಜಾತ್ರೆ, ಮೊದಲ ಬೆಳೆಯ ಸಸಿ ಹಚ್ಚಿದ ವೇಳೆ, ಮಗುವನ್ನು ಶಾಲೆಗೆ ಸೇರಿಸಿದ ದಿನ, ಯಾವುದು ನೆನಪಿದೆಯೋ ಅದನ್ನು ಹಿಡಿದು ಹಳೆಯ ಕ್ಯಾಲೆಂಡರ್ ನೋಡಿ ತಾರೀಖು ಕಂಡುಕೊಳ್ಳಬೇಕು. ಕೋರ್ಟಿನಲ್ಲಿ ‘ಯಾವಾಗಿನಿಂದ ಬೇರೆ ಇದ್ದೀರಿ’ ಎಂದು ಕೇಳಿದಾಗ ಅವಳ ಬಾಯಿಂದ ಬರುವುದು ಯುಗಾದಿಯೇ. ಕಾಗದದಲ್ಲೂ ಯುಗಾದಿ ಇದ್ದರೆ ಮಾತಿಗೂ ಬರಹಕ್ಕೂ ತಾಳೆಯಾಗುತ್ತದೆ. ಗಂಡನ ಅಫಿಡವಿಟ್‌ನಲ್ಲಿಯೂ ಅದೇ ದಿನ ಇರಬೇಕು. ಇಬ್ಬರ ಕಾಗದದಲ್ಲಿ ಎರಡು ತಾರೀಖು ಬಂದರೆ ಅಲ್ಲಿಗೆ ಒಂದು ಮುಂದಿನ ದಿನಾಂಕ ಬಿದ್ದಂತೆಯೇ.

ಅಫಿಡವಿಟ್‌ನ ಮೈಕಟ್ಟು

ಒಪ್ಪಿಗೆಯ ವಿಚ್ಛೇದನದಲ್ಲಿ ಪ್ರಮಾಣ ಮಾಡಿ ಕೊಡುವ ಕಾಗದ ಒಂದೇ ಅಲ್ಲ. ಅರ್ಜಿಯ ಕೊನೆಯಲ್ಲಿ ಸತ್ಯಾಪನೆ ಇರುತ್ತದೆ. ಅದರ ಜತೆಗೆ ಅರ್ಜಿಯ ಸಂಗತಿಗಳು ನಿಜವೆಂದು ಇಬ್ಬರೂ ಬೇರೆ ಬೇರೆಯಾಗಿ ಅಫಿಡವಿಟ್ ಕೊಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 15ನೇ ನಿಯಮಕ್ಕೆ 2002ರಲ್ಲಿ ಜಾರಿಯಾದ ತಿದ್ದುಪಡಿ ಇದನ್ನು ಕಡ್ಡಾಯ ಮಾಡಿತು. ವಿಚಾರಣೆಯ ದಿನ ಬಾಯಿಮಾತಿನ ಸಾಕ್ಷ್ಯದ ಬದಲು ಮುಖ್ಯ ವಿಚಾರಣೆಯ ಅಫಿಡವಿಟ್ ಸಲ್ಲಿಸುವುದೂ ಇದೆ. ಅರ್ಜಿ ಹಾಕಿದ ಮೇಲೆ ಡಿಕ್ರಿಗೆ ಮೊದಲು ಕಾಯಬೇಕಾದ ಅವಧಿಯ ಮನ್ನಾ ಕೇಳುವುದಾದರೆ ಆ ಅರ್ಜಿಗೆ ಮತ್ತೊಂದು.

ಯಾವುದೇ ಇರಲಿ, ಮೇಲಿನ ಸಾಲು ಗೊತ್ತಿರುವಂಥದ್ದೇ: ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಉದ್ಯೋಗ, ಸಾ: ಮುಕ್ಕುಂದ, ತಾ: ಸಿಂಧನೂರು, ಜಿ: ರಾಯಚೂರು. ಹೆಸರು ಆಧಾರ್, ಪಡಿತರ ಚೀಟಿ, ಲಗ್ನಪತ್ರಿಕೆ ಮೂರರಲ್ಲೂ ಬೇರೆ ಬೇರೆ ಇರುವುದು ನಮ್ಮಲ್ಲಿ ಮಾಮೂಲು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಕಟ್ಟಿದ ಹೆಸರು ಇನ್ನೊಂದು. ಹಾಗಿದ್ದರೆ ‘ಉರುಫ್’ ಎಂದು ಎರಡೂ ಹೆಸರು ಮೊದಲ ಸಾಲಿನಲ್ಲೇ ಬರಬೇಕು. ಡಿಕ್ರಿ ಬಂದ ಮೇಲೆ ಪಡಿತರ ಚೀಟಿ ಬೇರೆ ಮಾಡಿಸಲು ಹೋದಾಗ ಈ ಒಂದು ಪದ ಹತ್ತು ಸಲದ ಅಲೆದಾಟ ಉಳಿಸುತ್ತದೆ.

ಕೆಳಗಿನ ಕಂಡಿಕೆಗಳಿಗೆ ನಂಬರ್ ಹಾಕಿ, ಒಂದು ಕಂಡಿಕೆಗೆ ಒಂದು ಸಂಗತಿಯಂತೆ, ‘ನಾನು’ ಎಂದೇ ಬರೆಯಬೇಕು. ನಿಮ್ಮ ಸ್ವಂತ ಅರಿವಿಗೆ ಬಂದ ಸಂಗತಿಗೆ ಮಾತ್ರ ಪ್ರಮಾಣ ಮಾಡಬಹುದು ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶದ ಮೂಲ ನಿಯಮ. ‘ನನ್ನ ಗಂಡ ಬೇರೆ ಕಡೆ ಆಸ್ತಿ ಮಾಡಿದ್ದಾನೆಂದು ಜನ ಹೇಳುತ್ತಾರೆ’ ಎಂಬುದು ಇಲ್ಲಿ ನಿಲ್ಲುವುದಿಲ್ಲ. ಮದುವೆ ನಡೆದ ದಿನ, ಸ್ಥಳ, ಮಕ್ಕಳ ಹೆಸರು ಮತ್ತು ಹುಟ್ಟಿದ ದಿನ, ಬೇರೆಯಾದ ದಿನ, ರಾಜಿ ಪ್ರಯತ್ನ, ಹಣದ ಒಪ್ಪಂದ, ಇಬ್ಬರ ಮೇಲೂ ಇರುವ ಬೇರೆ ಕೇಸುಗಳು, ಕೊನೆಗೆ ಒಪ್ಪಿಗೆಯ ಮಾತು, ಇಷ್ಟು ಇದ್ದರೆ ಮೈಕಟ್ಟು ಸರಿಯಾಯಿತು. ಒಪ್ಪಿಗೆಯನ್ನು ಬಲವಂತ, ಮೋಸ ಅಥವಾ ಅನುಚಿತ ಪ್ರಭಾವದಿಂದ ಪಡೆದಿಲ್ಲ ಎಂಬುದು ಕೋರ್ಟಿಗೆ ಮನವರಿಕೆಯಾಗಬೇಕು ಎಂದು ಹಿಂದೂ ವಿವಾಹ ಕಾಯ್ದೆಯ 23(1)(ಬಿಬಿ) ಕಲಂ ಹೇಳುತ್ತದೆ. ಆ ಸಾಲನ್ನು ಎಲ್ಲರೂ ಬರೆಯುತ್ತಾರೆ. ಅದು ನಿಜವೇ ಎಂದು ತಿಳಿಯಲು ನ್ಯಾಯಾಧೀಶರು ನೋಡುವುದು ಹಣ ಮತ್ತು ಮಕ್ಕಳ ಕಂಡಿಕೆಗಳನ್ನು.

ಮದುವೆಗೆ ಪುರಾವೆಯಾಗಿ ಲಗ್ನಪತ್ರಿಕೆ, ಫೋಟೊ, ನೋಂದಣಿ ಆಗಿದ್ದರೆ ಅದರ ಪ್ರಮಾಣಪತ್ರ ಜೋಡಿಸುವುದು ವಾಡಿಕೆ. ಮಠದಲ್ಲೋ ಜಾತ್ರೆಯಲ್ಲೋ ಸಾಮೂಹಿಕ ವಿವಾಹದಲ್ಲಿ ಮದುವೆಯಾದವರು ಆಯೋಜಕರು ಕೊಟ್ಟ ಪತ್ರ ಹುಡುಕಿಡಬೇಕು. ಕ್ಯಾಂಪುಗಳಲ್ಲಿರುವ ಆಂಧ್ರ ಮೂಲದ ಕುಟುಂಬಗಳ ಲಗ್ನಪತ್ರಿಕೆ ತೆಲುಗಿನಲ್ಲಿದ್ದರೆ ಅದರ ಕನ್ನಡ ತರ್ಜುಮೆ ಬೇಕಾಗುತ್ತದೆ.

ವಯಸ್ಸಿನ ಕಾಲಂ ಬಗ್ಗೆ ಒಂದು ಎಚ್ಚರಿಕೆ. ಹದಿನೆಂಟು ತುಂಬುವ ಮೊದಲೇ ಮದುವೆಯಾದ ಹುಡುಗಿಯರ ವಯಸ್ಸನ್ನು ಕಾಗದದಲ್ಲಿ ಎರಡು ವರ್ಷ ಏರಿಸಿ ಬರೆಸುವ ಚಾಳಿ ಇದೆ. ಶಾಲೆಯ ದಾಖಲೆ ಎದುರಿಗಿಟ್ಟರೆ ಆ ಸುಳ್ಳು ನಿಮಿಷವೂ ನಿಲ್ಲುವುದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ 2017ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ ಆನಂತರ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅಂಥ ಹುಡುಗಿಗೆ ಬೇಕಾದ ಪರಿಹಾರ ವಿಚ್ಛೇದನವೇ ಅಲ್ಲ, ಬೇರೆ ಅರ್ಜಿ. ವಯಸ್ಸು ಮುಚ್ಚಿಟ್ಟರೆ ಅವಳಿಗೆ ಸಿಗಬೇಕಾದ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ಪಹಣಿ, ಎಮ್ಮೆ, ಸೊಸೈಟಿ ಸಾಲ

‘ನಾವು ಹಣಕಾಸಿನ ಎಲ್ಲ ವ್ಯವಹಾರ ಬಗೆಹರಿಸಿಕೊಂಡಿದ್ದೇವೆ’ ಎಂಬ ಒಂದೇ ಸಾಲಿನಲ್ಲಿ ಮುಗಿಯುವ ಅಫಿಡವಿಟ್‌ಗಳು ಮುಂದೆ ಹೆಚ್ಚು ತಕರಾರು ತರುತ್ತವೆ. ಎಷ್ಟು ಹಣ, ಯಾವ ರೂಪದಲ್ಲಿ, ಯಾವ ದಿನ ಎಂಬುದು ಕಾಗದದಲ್ಲಿ ಇರಬೇಕು. ಅರ್ಜಿ ಹಾಕುವ ದಿನ ಅರ್ಧ, ಡಿಕ್ರಿಯ ದಿನ ಅರ್ಧ ಎಂದಾದರೆ ಹಾಗೇ ಬರೆದು, ಡಿಡಿಯ ನಂಬರ್, ಬ್ಯಾಂಕ್, ದಿನಾಂಕ ಹಾಕಬೇಕು. ಹಿರಿಯರ ಸಮಕ್ಷಮ ನಗದು ಕೊಟ್ಟಿದ್ದೇವೆ ಎಂಬ ಮಾತಿಗೆ ಆಮೇಲೆ ಸಾಕ್ಷಿ ಸಿಗುವುದಿಲ್ಲ. ಬಂಗಾರವಾದರೆ ಒಡವೆಯ ಹೆಸರು ಮತ್ತು ತೂಕ, ಭಾಂಡೆ ಸಾಮಾನಾದರೆ ಪಟ್ಟಿ. ತಿರುಗಿ ಪಡೆದವರ ಸಹಿ ಆ ಪಟ್ಟಿಯ ಕೆಳಗೆ.

ಎಷ್ಟು ಕೇಳುವುದು ನ್ಯಾಯ, ಎಷ್ಟು ಕೊಡಲು ಶಕ್ಯ ಎಂದು ಅಳೆಯಲು ಒಂದು ಒಳ್ಳೆಯ ಸಾಧನ ಈಗಾಗಲೇ ಇದೆ. ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ–ಸಾಲಗಳ ಅಫಿಡವಿಟ್ ಕೊಡಬೇಕೆಂದು ಆದೇಶಿಸಿತು. ಒಕ್ಕಲುತನದವರಲ್ಲದವರಿಗೆ ಒಂದು ನಮೂನೆ, ಒಕ್ಕಲುತನದವರಿಗೆ ಇನ್ನೊಂದು. ಈ ಎರಡನೆಯದು ಭತ್ತದ ಸೀಮೆಯ ನಮಗಾಗಿಯೇ ಬರೆದಂತಿದೆ. ಒಟ್ಟು ಜಮೀನು ಎಷ್ಟು, ಅದರಲ್ಲಿ ನಿಮ್ಮ ಪಾಲು ಎಷ್ಟು, ಎಲ್ಲಿದೆ, ನೀರಾವರಿಯೋ ಖುಷ್ಕಿಯೋ, ಹಕ್ಕು ತೋರಿಸುವ ಕಂದಾಯ ದಾಖಲೆ ಯಾವುದು, ಕಳೆದ ಮೂರು ವರ್ಷದ ಆದಾಯ ಎಷ್ಟು, ಲೀಜಿಗೆ ಹಿಡಿದ ಹೊಲ ಇದೆಯೇ, ಎಮ್ಮೆ, ಆಕಳು, ಆಡು, ಕೋಳಿ ಎಷ್ಟು, ಹೈನಿನ ಆದಾಯ ಎಷ್ಟು, ಜಮೀನಿನ ಮೇಲೆ ಸಾಲ ಎಷ್ಟು ಎಂದೆಲ್ಲ ಅದು ಕೇಳುತ್ತದೆ.

ಮೂರು ವರ್ಷದ ಲೆಕ್ಕ ಕೇಳಿರುವುದರಲ್ಲಿ ಜಾಣತನ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಹೊಲದಲ್ಲಿ ಒಂದು ವರ್ಷ ಎರಡು ಬೆಳೆ ಬರುತ್ತದೆ, ಇನ್ನೊಂದು ವರ್ಷ ಎರಡನೇ ಬೆಳೆಗೆ ನೀರೇ ಬಿಡುವುದಿಲ್ಲ. ಒಳ್ಳೆಯ ವರ್ಷವನ್ನೇ ಹಿಡಿದು ಹೆಂಡತಿಯ ಕಡೆಯವರು ಕೇಳಿದರೆ ಗಂಡನಿಗೆ ಅನ್ಯಾಯ, ಕೆಟ್ಟ ವರ್ಷವನ್ನೇ ತೋರಿಸಿದರೆ ಹೆಂಡತಿಗೆ ಅನ್ಯಾಯ. ಒಪ್ಪಿಗೆಯ ಅರ್ಜಿಯಲ್ಲಿ ಜೀವನಾಂಶದ ತಕರಾರು ಇಲ್ಲದಿದ್ದರೂ ಈ ನಮೂನೆಯನ್ನು ಇಬ್ಬರೂ ಮನೆಯಲ್ಲಿ ಪ್ರಾಮಾಣಿಕವಾಗಿ ತುಂಬಿ ಎದುರು ಬದುರು ಇಟ್ಟುಕೊಂಡು ಕೂತರೆ, ಹಿರಿಯರ ಬಾಯಿಲೆಕ್ಕಕ್ಕಿಂತ ನಿಖರವಾದ ಮೊತ್ತ ಹೊರಬರುತ್ತದೆ. ಹೆಂಡತಿಯೂ ತುಂಬಬೇಕು. ನಾಟಿ ಕೂಲಿಯಿಂದ ಬಂದದ್ದು, ಸ್ವಸಹಾಯ ಸಂಘದಲ್ಲಿ ಅವಳ ಹೆಸರಿಗೆ ಎತ್ತಿ ಗಂಡ ಟ್ರ್ಯಾಕ್ಟರ್ ಕಂತಿಗೆ ಕಟ್ಟಿದ ಸಾಲ, ಎರಡೂ ಅಲ್ಲಿ ಬರಲಿ. ಆ ಸಾಲ ಇನ್ನು ಮುಂದೆ ಯಾರು ತೀರಿಸಬೇಕು ಎಂಬುದನ್ನು ಒಪ್ಪಂದದಲ್ಲಿ ಬರೆಯದಿದ್ದರೆ ಸಂಘದವರು ಬಂದು ನಿಲ್ಲುವುದು ಅವಳ ತವರಿನ ಬಾಗಿಲಿಗೆ.

ಹಣದ ಬದಲು ಹೊಲ ಕೊಡುವ ಮಾತಾದರೆ ಇನ್ನಷ್ಟು ಎಚ್ಚರ ಬೇಕು. ಪಹಣಿ ಮಾವನ ಹೆಸರಿನಲ್ಲಿದ್ದರೆ ಮಗ ‘ಒಂದು ಎಕರೆ ಕೊಡುತ್ತೇನೆ’ ಎಂದು ಪ್ರಮಾಣ ಮಾಡಿ ಉಪಯೋಗವಿಲ್ಲ. ಸರ್ವೆ ನಂಬರ್, ಎಕರೆ–ಗುಂಟೆ, ಚಕ್ಕುಬಂದಿ ಬರೆದು, ನೋಂದಣಿ ಯಾವ ದಿನದೊಳಗೆ, ಖರ್ಚು ಯಾರದು ಎಂದು ಸೇರಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ವರ್ಗಾವಣೆ ಆಗುವುದಿಲ್ಲ.

ಮಕ್ಕಳ ವಿಷಯದಲ್ಲಿ ತಾಯಿಯಾಗಲಿ ತಂದೆಯಾಗಲಿ ಬಿಟ್ಟುಕೊಡಲಾಗದ ಒಂದು ಗೆರೆ ಇದೆ. ‘ಮಗುವಿಗಾಗಿ ಮುಂದೆ ಏನನ್ನೂ ಕೇಳುವುದಿಲ್ಲ’ ಎಂದು ಹೆಂಡತಿಯಿಂದ ಬರೆಸಿಕೊಳ್ಳುವುದು ಸಾಮಾನ್ಯ. ಆದರೆ ಮಗುವಿನ ಪೋಷಣೆಯ ಹಕ್ಕು ಮಗುವಿನದು. ತಾಯಿ ಅದನ್ನು ಮಾರಲು ಬರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಮಕ್ಕಳ ವಶ, ಪೋಷಣೆ, ವಿದ್ಯಾಭ್ಯಾಸದ ಆದೇಶವನ್ನು ಡಿಕ್ರಿಯಾದ ಮೇಲೂ ಕೋರ್ಟು ಬದಲಿಸಬಹುದು. ಹಾಗಾಗಿ ಮಗು ಯಾರ ವಶದಲ್ಲಿ ಎಂಬುದರ ಜತೆಗೆ ಇನ್ನೊಬ್ಬರು ಯಾವಾಗ ನೋಡಬಹುದು, ಶಾಲೆಯ ಖರ್ಚು ಯಾರದು ಎಂಬುದನ್ನೂ ಬರೆಯಬೇಕು.